ನಡತೆ: ಉತ್ತಮ

ಶಾಲೆ ಬಿಟ್ಟು ಹೋಗುವ ಪ್ರತಿ ಮಗುವಿಗೂ ನಾವು ವರ್ಗಾವಣೆ ಪತ್ರ ಬರೆದುಕೊಡುತ್ತೇವೆ. ನಿಮ್ಮ ಮನೆಯ ಬೀರುವಿನಲ್ಲೂ ಅಂಥದು ಒಂದೆರಡು ಇದ್ದೇ ಇರುತ್ತದೆ. ಹೆಸರು, ತಂದೆಯ ಹೆಸರು, ಹುಟ್ಟಿದ ತಾರೀಖು, ಓದಿದ ತರಗತಿ ಎಲ್ಲ ಆದ ಮೇಲೆ ‘ನಡತೆ’ ಎಂಬ ಒಂದು ಕಲಂ ಬರುತ್ತದೆ. ಅಲ್ಲಿ ‘ಉತ್ತಮ’ ಎಂದು ಬರೆಯುವುದು ರೂಢಿ. ಮಗುವಿನ ಮುಖ ನೋಡದೆಯೂ ಬರೆಯಬಹುದಾದ ಪದ ಅದು. ನಾನೂ ಸಾವಿರಾರು ಸಲ ಬರೆದಿದ್ದೇನೆ. ಅವುಗಳಲ್ಲಿ ಒಂದು ಮಾತ್ರ ಇವತ್ತಿಗೂ ಮನಸ್ಸಿನಲ್ಲಿ ಚುಚ್ಚುತ್ತದೆ.

1996ರ ಮಾತು. ಬಿ.ಎ., ಬಿ.ಎಡ್. ಮುಗಿಸಿ ಗುಬ್ಬಿಯ ಒಂದು ಪ್ರೌಢಶಾಲೆಗೆ ಸಮಾಜ ವಿಜ್ಞಾನ ಹೇಳಿಕೊಡಲು ಸೇರಿ ಹೆಚ್ಚು ಕಾಲವಾಗಿರಲಿಲ್ಲ. ಗುಬ್ಬಿ ಎಂದರೆ ಮಾತಿನ ಊರು. 1884ರಲ್ಲಿ ಅಲ್ಲಿ ಹುಟ್ಟಿದ ನಾಟಕ ಕಂಪನಿ ಮುಂದೆ ವೀರಣ್ಣನವರ ಕೈಯಲ್ಲಿ ನಾಡಿನ ತುಂಬ ಹೆಸರು ಮಾಡಿತು. ಅಂಥ ಊರಿನ ನನ್ನ ತರಗತಿಯಲ್ಲಿ ಮಾತೇ ಆಡದ ಹುಡುಗಿಯೊಬ್ಬಳಿದ್ದಳು. ಎಂಟನೆಯ ತರಗತಿಯಲ್ಲಿ ಎಲ್ಲರಂತೆ ಕೈ ಎತ್ತಿ ಉತ್ತರ ಹೇಳುತ್ತಿದ್ದವಳು ಒಂಬತ್ತಕ್ಕೆ ಬರುವ ಹೊತ್ತಿಗೆ ಬಾಯಿ ಮುಚ್ಚಿದಳು. ಉಗುರಿನ ಸುತ್ತಲ ಚರ್ಮವನ್ನು ರಕ್ತ ಬರುವ ತನಕ ಕಿತ್ತುಕೊಳ್ಳುತ್ತಿದ್ದಳು. ಊಟದ ಡಬ್ಬಿ ತೆರೆಯದೆ ವಾಪಸು ಒಯ್ಯುತ್ತಿದ್ದಳು. ಇದೆಲ್ಲ ನನ್ನ ಕಣ್ಣಿಗೆ ಬಿದ್ದಿತ್ತು. ಆದರೆ ನಾನು ಏನೆಂದುಕೊಂಡೆ? ‘ದೊಡ್ಡವಳಾಗಿದ್ದಾಳೆ, ಗಂಭೀರವಾಗಿದ್ದಾಳೆ’ ಎಂದುಕೊಂಡೆ. ಹಿಂದಿನ ಬೆಂಚಿನ ಹುಡುಗರ ಗಲಾಟೆಯಲ್ಲಿ ಸದ್ದಿಲ್ಲದ ಒಂದು ಮಗು ಸಿಕ್ಕಿದರೆ ಯಾವ ಉಪಾಧ್ಯಾಯಿನಿಗೆ ಬೇಡ?

ಆಕೆ ಎಸ್.ಎಸ್.ಎಲ್.ಸಿ.ಯಲ್ಲಿ ಪಾಸಾಗಲಿಲ್ಲ. ಪತ್ರ ಒಯ್ಯಲು ಅವಳ ತಾಯಿ ಬಂದಿದ್ದರು. ಕಾಗದ ತೆಗೆದುಕೊಂಡವರು ಹೊರಡದೆ ಬಾಗಿಲಲ್ಲೇ ನಿಂತು, “ಮಿಸ್, ಇವ್ಳು ಇಲ್ಲಿ ಮಾತಾಡ್ತಿದ್ಲಾ?” ಎಂದು ಕೇಳಿದರು.

“ಇಲ್ಲಮ್ಮ, ಬಲು ಸಭ್ಯ ಹುಡುಗಿ. ಸದ್ದೇ ಇಲ್ಲ” ಎಂದೆ, ಹೊಗಳುವ ದನಿಯಲ್ಲಿ.

ಆಕೆ ಇನ್ನೇನೂ ಹೇಳಲಿಲ್ಲ. ಕಾಗದವನ್ನು ನಾಲ್ಕಾಗಿ ಮಡಿಸಿ ಸೆರಗಿನಲ್ಲಿ ಇಟ್ಟುಕೊಂಡು ಹೋದರು. ಆ ಕಾಗದದ ಮೇಲೆ ‘ನಡತೆ: ಉತ್ತಮ’ ಎಂದು ನನ್ನದೇ ಅಕ್ಷರದಲ್ಲಿತ್ತು. ಆ ತಾಯಿ ನನ್ನಿಂದ ಹೊಗಳಿಕೆ ಕೇಳಲು ಬಂದಿರಲಿಲ್ಲ, ತನಗೆ ಕಂಡದ್ದು ಬೇರೆ ಯಾರಿಗಾದರೂ ಕಂಡಿದೆಯೇ ಎಂದು ಕೇಳಲು ಬಂದಿದ್ದರು ಎನ್ನುವುದು ನನಗೆ ಹೊಳೆಯಲು ಎಷ್ಟೋ ವರ್ಷ ಹಿಡಿಯಿತು. ಹುಡುಗಿಯನ್ನು ಪಕ್ಕದ ಊರಿಗೆ ಮದುವೆ ಮಾಡಿಕೊಟ್ಟರಂತೆ. ಅಷ್ಟೇ ನನಗೆ ಗೊತ್ತಾದದ್ದು.

ಮಗುವಿನ ಮನಸ್ಸಿಗೆ ಏನೋ ಆಗಿದೆ ಎನ್ನುವುದು ಮೊದಲು ಗೊತ್ತಾಗುವುದು ತಾಯಿಗೆ. ಅದನ್ನು ಬಾಯಿಬಿಟ್ಟು ಹೇಳುವುದರಲ್ಲಿ ಮಾತ್ರ ಅವಳೇ ಕೊನೆಯವಳು. ಹೀಗೇಕೆ? ಚರಿತ್ರೆ ಪಾಠ ಮಾಡುವವಳಿಗೆ ಯಾವುದನ್ನಾದರೂ ಹಿಂದಕ್ಕೆ ಹೋಗಿ ನೋಡುವ ಚಾಳಿ. ಇದನ್ನೂ ಹಾಗೆ ನೋಡಿದೆ.

ನಮ್ಮ ಅಜ್ಜಿಯರ ಕಾಲದಲ್ಲಿ ಮಗು ನಿದ್ದೆಯಲ್ಲಿ ಬೆಚ್ಚಿದರೆ, ಊಟ ಬಿಟ್ಟರೆ, ಮಂಕಾದರೆ, ಅದಕ್ಕೆ ಮಾತುಗಳಿದ್ದವು: ದೃಷ್ಟಿ ಆಗಿದೆ, ಗಾಳಿ ಸೋಕಿದೆ, ಬಾಲಗ್ರಹ ಹಿಡಿದಿದೆ. ಉಪ್ಪು ಮೆಣಸಿನಕಾಯಿ ನೀವಾಳಿಸಿ ಒಲೆಗೆ ಹಾಕುತ್ತಿದ್ದರು. ತಾಯಿತ ಕಟ್ಟಿಸುತ್ತಿದ್ದರು. ಸಂಜೆ ನಮಾಜು ಮುಗಿಯುವ ಹೊತ್ತಿಗೆ ಮಸೀದಿಯ ಬಾಗಿಲಲ್ಲಿ ಮಗುವನ್ನೆತ್ತಿಕೊಂಡು ನಿಂತು ಊದಿಸಿಕೊಂಡು ಬರುತ್ತಿದ್ದರು. ಯಡಿಯೂರು ಸಿದ್ಧಲಿಂಗೇಶ್ವರನಿಗೆ ಹರಕೆ ಹೊರುತ್ತಿದ್ದರು. ಇವನ್ನೆಲ್ಲ ಮೂಢನಂಬಿಕೆ ಎಂದು ನಾನು ತರಗತಿಯಲ್ಲಿ ಪಾಠ ಮಾಡಿದವಳೇ. ಆದರೆ ಈಗ ಯೋಚಿಸಿದರೆ ಅದರಲ್ಲಿ ಒಂದು ಅನುಕೂಲ ಕಾಣುತ್ತದೆ. ‘ಗಾಳಿ ಸೋಕಿದೆ’ ಎಂಬ ಮಾತನ್ನು ಜಗಲಿಯ ಮೇಲೆ ಕೂತು ನಾಲ್ಕು ಜನರ ಮುಂದೆ ಹೇಳಬಹುದಿತ್ತು. ಕೇಳಿದವರು ತಮ್ಮ ಮಗುವಿಗೂ ಹಾಗೆ ಆಗಿದ್ದನ್ನು ಹೇಳುತ್ತಿದ್ದರು. ಮಗುವಿಗೆ ಗುಣವಾಗುತ್ತಿತ್ತೋ ಇಲ್ಲವೋ, ತಾಯಿಯ ಎದೆಯ ಭಾರವಾದರೂ ಇಳಿಯುತ್ತಿತ್ತು.

ಹಾಗೆಂದು ಹಿಂದಿನ ಕಾಲ ತಾಯಿಯ ಪಾಲಿಗೆ ಒಳ್ಳೆಯದಾಗಿತ್ತು ಎಂದು ಹೇಳುವಂತಿಲ್ಲ. ಸುಶ್ರುತ ಸಂಹಿತೆಯ ಉತ್ತರತಂತ್ರದಲ್ಲಿ ಮಕ್ಕಳನ್ನು ಪೀಡಿಸುವ 9 ಗ್ರಹಗಳನ್ನು ಹೇಳಿದೆ. ಸ್ಕಂದ, ಶಕುನಿ, ರೇವತಿ, ಪೂತನೆ ಮೊದಲಾದ ಹೆಸರುಗಳು. ಅವು ಮಗುವನ್ನು ಹಿಡಿಯುವುದು ಏಕೆ? ತಾಯಿಯೋ ಹಾಲೂಡುವ ದಾದಿಯೋ ಆಚಾರ ತಪ್ಪಿದ್ದರಿಂದ, ಶೌಚ ಕೆಟ್ಟಿದ್ದರಿಂದ ಎನ್ನುತ್ತದೆ ಗ್ರಂಥ. ಅದೇ ಗ್ರಂಥದಲ್ಲಿ ಔಷಧಿ, ಧೂಪ, ಸ್ನಾನ ಎಲ್ಲ ವಿವರವಾಗಿವೆ. ಮಗುವನ್ನು ಅಷ್ಟು ಸೂಕ್ಷ್ಮವಾಗಿ ಗಮನಿಸಿದವರು ಕಾರಣ ಹುಡುಕುವಾಗ ಹೆಂಗಸಿನ ಕಡೆಗೇ ಬೆರಳು ತೋರಿಸಿದರು. ಆ ಬೆರಳು ಇನ್ನೂ ಕೆಳಗಿಳಿದಿಲ್ಲ.

ಇನ್ನು ಆಸ್ಪತ್ರೆಯ ಕತೆ. ಬೆಂಗಳೂರಿನಲ್ಲಿ 19ನೆಯ ಶತಮಾನದ ಮಧ್ಯಭಾಗದಲ್ಲೇ ಹುಚ್ಚಾಸ್ಪತ್ರೆ ಇತ್ತು. 1925ರಲ್ಲಿ ಅದರ ಹೆಸರು ಬದಲಾಗಿ ಮಾನಸಿಕ ಆಸ್ಪತ್ರೆಯಾಯಿತು. 1930ರ ದಶಕದಲ್ಲಿ, ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, ಲಕ್ಕಸಂದ್ರದ ಹೊಸ ಕಟ್ಟಡಕ್ಕೆ ಹೋಯಿತು. 1954ರಲ್ಲಿ ಅದರ ಜೊತೆಗೆ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಬಂತು. 1974ರಲ್ಲಿ ಎರಡೂ ಒಂದಾಗಿ ನಿಮ್ಹಾನ್ಸ್ ಆಯಿತು. ಕಾನೂನಿನ ಹೆಸರೂ ಹೀಗೇ ಬದಲಾಗುತ್ತ ಬಂತು. 1912ರಲ್ಲಿ ಬ್ರಿಟಿಷರು ಮಾಡಿದ ಕಾಯ್ದೆಯ ಹೆಸರಿನಲ್ಲೇ ‘ಹುಚ್ಚು’ ಇತ್ತು. ಅದರ ಜಾಗಕ್ಕೆ 1987ರ ಮಾನಸಿಕ ಆರೋಗ್ಯ ಕಾಯ್ದೆ ಬಂದು, ಜಾರಿಯಾಗುವ ಹೊತ್ತಿಗೆ 1993 ಆಗಿತ್ತು. ಈಗಿರುವುದು 2017ರ ಕಾಯ್ದೆ.

ಹೆಸರು ಬದಲಾಯಿಸಿದರೂ ಜನ ಬಿಡಬೇಕಲ್ಲ. ತುಮಕೂರಿನಿಂದ ಬೆಂಗಳೂರು 70 ಕಿಲೋಮೀಟರ್. ಹೃದಯಕ್ಕೆ, ಕಣ್ಣಿಗೆ, ಮೂಳೆಗೆ ಅಲ್ಲಿನ ಆಸ್ಪತ್ರೆಗೆ ಹೋಗಿ ಬಂದವರು ಊರಿಗೆಲ್ಲ ಹೇಳಿಕೊಳ್ಳುತ್ತಾರೆ. ನಿಮ್ಹಾನ್ಸ್‌ಗೆ ಹೋದವರು ಮಾತ್ರ ಹೇಳುವುದಿಲ್ಲ. ಅಷ್ಟು ದೊಡ್ಡ ಸಂಸ್ಥೆಯ ಹೆಸರು ನಮ್ಮ ಶಾಲೆಯ ಅಂಗಳದಲ್ಲಿ ಬೈಗುಳವಾಗಿದೆ. “ನಿನ್ನ ನಿಮ್ಹಾನ್ಸ್‌ಗೆ ಸೇರಿಸ್ಬೇಕು ಕಣೋ” ಎಂದು ಹುಡುಗರು ಕೂಗಾಡುವುದನ್ನು ಎಷ್ಟು ಸಲ ಕೇಳಿಲ್ಲ!

ಆಸ್ಪತ್ರೆಯವರೇನೂ ಸುಮ್ಮನೆ ಕೂತಿರಲಿಲ್ಲ. 1970ರ ದಶಕದ ಮಧ್ಯದಲ್ಲಿ ಬೆಂಗಳೂರಿನ ಹೊರಗೆ ಸಕಲವಾರದಲ್ಲಿ ಕೇಂದ್ರ ತೆರೆದು ಹಳ್ಳಿಗಳ ಕಡೆ ಹೊರಟರು. 1982ರಲ್ಲಿ ದೇಶಕ್ಕೆಲ್ಲ ಒಂದು ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ಅದನ್ನು ಜಿಲ್ಲೆಯ ಮಟ್ಟದಲ್ಲಿ ನಡೆಸಿ ತೋರಿಸಿದ್ದು ನಮ್ಮ ಬಳ್ಳಾರಿಯಲ್ಲಿ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ನರ್ಸುಗಳಿಗೂ ಮನಸ್ಸಿನ ಕಾಯಿಲೆ ಗುರುತಿಸುವುದನ್ನು ಕಲಿಸಿದರೆ, ರೋಗಿ ಬೆಂಗಳೂರಿಗೆ ಹೋಗಬೇಕಾಗಿಲ್ಲ ಎನ್ನುವುದು ಅಲ್ಲಿ ಗೊತ್ತಾಯಿತು. ಅದರ ಮಾದರಿಯಲ್ಲೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಮುಂದೆ ನಮ್ಮ ಜಿಲ್ಲೆಯ ತುರುವೇಕೆರೆ ತಾಲ್ಲೂಕಿಗೂ ನಿಮ್ಹಾನ್ಸ್‌ನವರು ಬಂದು ಊರೂರಿನಲ್ಲಿ ಕೆಲಸ ಮಾಡಿದರು. ಹೀಗೆ ಲಕ್ಕಸಂದ್ರದ ಗೋಡೆಯ ಒಳಗಿದ್ದ ವೈದ್ಯ ಹಳ್ಳಿಯ ಬಾಗಿಲ ತನಕ ಬಂದದ್ದಾಯಿತು. ಆ ಬಾಗಿಲ ಒಳಗಿನಿಂದ ಯಾರಾದರೂ ಮಾತಾಡಬೇಕಲ್ಲ? 1996, ನಾನು ಆ ತಾಯಿಗೆ ‘ಸಭ್ಯ ಹುಡುಗಿ’ ಎಂದು ಹೇಳಿ ಕಳಿಸಿದ ವರ್ಷ.

ಮನೆಯಲ್ಲಿ ಹೇಳದ್ದು ಶಾಲೆಯಲ್ಲಾದರೂ ಗೊತ್ತಾಗಬೇಕು. ಮಕ್ಕಳನ್ನು ಗುರುತಿಸುವ ಕೆಲಸ ಪ್ಯಾರಿಸ್ಸಿನಲ್ಲಿ ಮೊದಲಾದದ್ದೂ ಶಾಲೆಯ ಸಲುವಾಗಿಯೇ. ಪಾಠದಲ್ಲಿ ಹಿಂದೆ ಬೀಳುವ ಮಕ್ಕಳನ್ನು ಕಂಡುಹಿಡಿಯಲು 1905ರಲ್ಲಿ ಆಲ್ಫ್ರೆಡ್ ಬಿನೆ ಎಂಬಾತ ಗೆಳೆಯ ಸಿಮೋನ್ ಜೊತೆ ಸೇರಿ ಬುದ್ಧಿಯ ಪರೀಕ್ಷೆ ಮಾಡಿದ. ಅದನ್ನು ನಮ್ಮ ಕಡೆಯ ಮಕ್ಕಳಿಗೆ ಒಗ್ಗಿಸಿದವರು ವಿ.ವಿ. ಕಾಮತ್. 1930ರ ದಶಕದಲ್ಲಿ ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳ ಮೇಲೆ ಪ್ರಯೋಗ ಮಾಡಿ, 1940ರಲ್ಲಿ ಪುಸ್ತಕ ತಂದರು. ಬಿನೆ–ಕಾಮತ್ ಪರೀಕ್ಷೆ ಎಂದು ಇವತ್ತಿಗೂ ಆಸ್ಪತ್ರೆಗಳಲ್ಲಿ ಅದರ ಹೆಸರು ಕೇಳುತ್ತೇವೆ. ಬಿ.ಎಡ್.ನಲ್ಲಿ ಇದನ್ನು ಓದಿ ಹತ್ತು ಅಂಕದ ಉತ್ತರ ಬರೆದಿದ್ದೆ. ಬುದ್ಧಿ ಎಂಬುದು ಹುಟ್ಟಿನಿಂದ ಕೊನೆಯ ತನಕ ಒಂದೇ ಅಳತೆ ಎನ್ನುವವರನ್ನು ಬಿನೆಯೇ ಖಂಡಿಸಿದ್ದ ಎನ್ನುವುದನ್ನು ಓದಿದ್ದು ಎಷ್ಟೋ ವರ್ಷದ ಮೇಲೆ. ಪರೀಕ್ಷೆಗೆ ಬರೆದದ್ದು ಬದುಕಿಗೆ ಬರಲಿಲ್ಲ ಎನ್ನುವುದಕ್ಕೆ ನಾನು ಕುಣಿಗಲ್ಲಿನಲ್ಲಿ ಮಾಡಿದ್ದೇ ಸಾಕ್ಷಿ.

ಕುಣಿಗಲ್ಲಿಗೆ ವರ್ಗವಾಗಿ ಹೋದದ್ದು 2002ರಲ್ಲಿ. ಅಲ್ಲಿ ಎಂಟನೆಯ ತರಗತಿಯ ಹುಡುಗನೊಬ್ಬನಿದ್ದ. ಹತ್ತು ನಿಮಿಷ ಒಂದು ಕಡೆ ಕೂರುತ್ತಿರಲಿಲ್ಲ. ‘ಕಮಲ’ ಎನ್ನುವುದನ್ನು ‘ಮಕಲ’ ಎಂದು ಬರೆಯುತ್ತಿದ್ದ. ಬಾಯಲ್ಲಿ ಕೇಳಿದರೆ ಟಿಪ್ಪುವಿನ ಕತೆಯನ್ನು ಕಣ್ಣಿಗೆ ಕಟ್ಟುವಂತೆ ಹೇಳುವನು, ಬರೆಯಲು ಕೊಟ್ಟರೆ ಖಾಲಿ ಹಾಳೆ. ಎಷ್ಟೋ ದಿನ ಶಾಲೆಗೇ ಬರುತ್ತಿರಲಿಲ್ಲ. ವಿಚಾರಿಸಿದರೆ ಟಿಪ್ಪುವಿನ ಕಾಲದಿಂದ ಹೆಸರಾದ ಕುದುರೆ ಫಾರಂನ ಬೇಲಿಯ ಹತ್ತಿರ ನಿಂತಿರುತ್ತಿದ್ದ. ತರಗತಿಯಲ್ಲಿ ಹತ್ತು ನಿಮಿಷ ಕೂರಲಾರದವನು ಅಲ್ಲಿ ಗಂಟೆಗಟ್ಟಲೆ ಕುದುರೆ ನೋಡುತ್ತ ನಿಲ್ಲುತ್ತಿದ್ದ. ಹಾಗಾದರೆ ಇವನಿಗೆ ಸೋಮಾರಿತನ, ಕೊಬ್ಬು ಎಂದು ತೀರ್ಮಾನಿಸಿದೆ. ಬಾಗಿಲ ಹೊರಗೆ ನಿಲ್ಲಿಸಿದೆ. ಸ್ಕೇಲಿನಿಂದ ಅಂಗೈಗೆ ಹೊಡೆದೆ. ಅವನ ತಾಯಿಯನ್ನು ಕರೆಸಿ, “ಏನಮ್ಮ, ಮಗನ್ನ ಹೀಗಾ ಬೆಳೆಸೋದು?” ಎಂದು ಎಲ್ಲರ ಮುಂದೆ ಕೇಳಿದೆ. “ಮನೇಲೂ ಅತ್ತೆ ಇದನ್ನೇ ಅಂತಾರೆ ಮಿಸ್” ಎಂದು ಆಕೆ ತಲೆ ತಗ್ಗಿಸಿದರು. ಆಮೇಲೆ ಆಕೆ ಶಾಲೆಯ ಕಡೆ ಬರಲೇ ಇಲ್ಲ. ಹುಡುಗ ಒಂಬತ್ತಕ್ಕೆ ಬಿಟ್ಟ.

ಅವನ ತೊಂದರೆಗೆ ಕಲಿಕಾ ನ್ಯೂನತೆ ಎಂಬ ಹೆಸರಿದೆ ಎನ್ನುವುದು ನನಗೆ ಆಗ ಗೊತ್ತಿರಲಿಲ್ಲ. 1995ರ ಅಂಗವಿಕಲರ ಕಾಯ್ದೆಯಲ್ಲಿ ಅದು ಇರಲಿಲ್ಲ. 2016ರ ಹೊಸ ಕಾಯ್ದೆಯ 21 ಬಗೆಗಳಲ್ಲಿ ಅದೂ ಸೇರಿತು. ಹೊಡೆಯುವುದನ್ನೂ ಮಾನಸಿಕವಾಗಿ ಹಿಂಸಿಸುವುದನ್ನೂ ನಿಷೇಧಿಸಿದ ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂದದ್ದು 2010ರ ಏಪ್ರಿಲ್‌ನಲ್ಲಿ. ಕಾಯ್ದೆ ಬರುವ ಮುನ್ನ ಹೊಡೆದೆ ಎಂದು ನಾನು ತಪ್ಪಿಸಿಕೊಳ್ಳುವ ಹಾಗಿಲ್ಲ. ಕೆಲವು ವರ್ಷಗಳ ಹಿಂದೆ ಕುಣಿಗಲ್ ಬಸ್ ನಿಲ್ದಾಣದಲ್ಲಿ ಅವನೇ ಗುರುತು ಹಿಡಿದು ಮಾತಾಡಿಸಿದ. ಗೂಡ್ಸ್ ಆಟೋ ಓಡಿಸುತ್ತಾನೆ. “ಇವತ್ತಿಗೂ ಓದೋಕೆ ಕಷ್ಟ ಮಿಸ್. ಫೋನಲ್ಲಿ ಮಾತಾಡಿ ಕಳಿಸ್ತೀನಿ, ನಡೀತದೆ” ಎಂದು ನಕ್ಕ. ನನ್ನ ಬ್ಯಾಗನ್ನು ಬಸ್ಸಿಗೆ ಹತ್ತಿಸಿದ. ಕ್ಷಮೆ ಕೇಳಬೇಕೆಂದುಕೊಂಡೆ. ಅಷ್ಟರಲ್ಲಿ ಬಸ್ಸು ಹೊರಟಿತು.

ಮಗನ ತಪ್ಪಿಗೆ ತಾಯಿಯನ್ನು ಕಟಕಟೆಯಲ್ಲಿ ನಿಲ್ಲಿಸುವುದು ಅತ್ತೆಯರ, ನಮ್ಮಂಥ ಉಪಾಧ್ಯಾಯಿನಿಯರ ಗುಣ ಎಂದುಕೊಂಡಿದ್ದೆ. ದೊಡ್ಡ ದೊಡ್ಡ ವೈದ್ಯರೂ ಇದನ್ನೇ ಮಾಡಿದ್ದಾರೆ. ಅಮೆರಿಕದಲ್ಲಿ ಲಿಯೋ ಕ್ಯಾನರ್ ಎಂಬ ವೈದ್ಯ 1943ರಲ್ಲಿ 11 ಮಕ್ಕಳನ್ನು ಪರೀಕ್ಷಿಸಿ, ಆಟಿಸಂ ಎಂದು ನಾವು ಇಂದು ಕರೆಯುವ ತೊಂದರೆಯನ್ನು ಮೊದಲ ಸಲ ವಿವರವಾಗಿ ಬರೆದ. ಮೊದಲು ಇದು ಹುಟ್ಟಿನಿಂದಲೇ ಬಂದದ್ದು ಎಂದವನು, ಮುಂದೆ ತಂದೆತಾಯಿಯರು ಪ್ರೀತಿ ತೋರದೆ ಮಕ್ಕಳನ್ನು ಫ್ರಿಜ್ಜಿನಲ್ಲಿಟ್ಟಂತೆ ಬೆಳೆಸಿದ್ದಾರೆ ಎಂಬ ಅರ್ಥದ ಮಾತಾಡಿದ. ಆ ಮಾತು ಜನರ ಬಾಯಲ್ಲಿ ‘ಫ್ರಿಜ್ಜಿನಂಥ ತಾಯಿ’ ಎಂದಾಯಿತು. 1967ರಲ್ಲಿ ಬ್ರೂನೋ ಬೆಟಲ್‌ಹೈಮ್ ಎಂಬಾತ ಇದನ್ನೇ ಹಿಗ್ಗಿಸಿ ಪುಸ್ತಕ ಬರೆದ. ಎಷ್ಟು ಸಾವಿರ ತಾಯಂದಿರು ಇದನ್ನು ಓದಿ ತಮ್ಮನ್ನೇ ಶಪಿಸಿಕೊಂಡರೋ! 1969ರಲ್ಲಿ ಕ್ಯಾನರ್ ತಂದೆತಾಯಿಯರ ಸಭೆಯಲ್ಲಿ ನಿಂತು ಅವರದೇನೂ ತಪ್ಪಿಲ್ಲ ಎಂದು ಒಪ್ಪಿಕೊಂಡ. 1977ರಲ್ಲಿ ಲಂಡನ್ನಿನಲ್ಲಿ ಅವಳಿ ಮಕ್ಕಳನ್ನು ಅಧ್ಯಯನ ಮಾಡಿದವರು ಇದರಲ್ಲಿ ಹುಟ್ಟಿನ ಗುಣದ ಪಾಲು ದೊಡ್ಡದು ಎಂದು ತೋರಿಸಿದರು. ಸುಶ್ರುತ ಸಂಹಿತೆಯಿಂದ ಅಮೆರಿಕದ ತನಕ ದಾರಿ ಎಷ್ಟು ದೂರ! ಬೆರಳು ತೋರಿಸಿದ ದಿಕ್ಕು ಮಾತ್ರ ಒಂದೇ.

ಇದರಿಂದ ಆಗುವ ನಷ್ಟ ಲೆಕ್ಕಕ್ಕೆ ಸಿಗುವಂಥದು. ಬೆಂಗಳೂರು ನಗರ ಮತ್ತು ಸುತ್ತಲ ಹಳ್ಳಿಗಳ 16 ವರ್ಷದ ಒಳಗಿನ 2,000ಕ್ಕೂ ಹೆಚ್ಚು ಮಕ್ಕಳನ್ನು ಪರೀಕ್ಷಿಸಿದ ಅಧ್ಯಯನವೊಂದು 2005ರಲ್ಲಿ ಪ್ರಕಟವಾಯಿತು. ನೂರರಲ್ಲಿ 12.5ರಷ್ಟು ಮಕ್ಕಳಿಗೆ ಯಾವುದಾದರೊಂದು ಮಾನಸಿಕ ತೊಂದರೆ ಇತ್ತು. 2015–16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ 13ರಿಂದ 17 ವರ್ಷದವರಲ್ಲಿ ಈ ಪ್ರಮಾಣ ನೂರಕ್ಕೆ 7.3. ಇದು ನಮ್ಮ ಪ್ರೌಢಶಾಲೆಯ ವಯಸ್ಸೇ. 40 ಮಕ್ಕಳ ನನ್ನ ತರಗತಿಗೆ ಲೆಕ್ಕ ಹಾಕಿದರೆ ಮೂವರು. ಆ ಮೂವರಲ್ಲಿ ಗಲಾಟೆ ಮಾಡುವವನೊಬ್ಬ ನಮ್ಮ ಕಣ್ಣಿಗೆ ಬಿದ್ದು ಏಟು ತಿನ್ನುತ್ತಾನೆ. ಉಳಿದಿಬ್ಬರು ‘ನಡತೆ: ಉತ್ತಮ’ ಎಂದು ಬರೆಸಿಕೊಂಡು ಹೋಗುತ್ತಾರೆ. ಅವರು ಹುಡುಗಿಯರಾದರಂತೂ ಕೇಳುವುದೇ ಬೇಡ. ಮಾತು ಕಡಿಮೆ ಮಾಡು, ತಲೆ ತಗ್ಗಿಸು, ಹೊರಗೆ ಹೋಗಬೇಡ ಎಂದು ನಾವು ಹೆಣ್ಣುಮಕ್ಕಳಿಗೆ ಹೇಳಿಕೊಡುವುದನ್ನೇ ಕಾಯಿಲೆಯೂ ಮಾಡಿಸಿದರೆ, ಯಾವುದು ಕಾಯಿಲೆ, ಯಾವುದು ಸಂಸ್ಕಾರ ಎಂದು ಯಾರು ಬೇರೆ ಮಾಡಬೇಕು?

ಇದು ನನಗೆ ಚೆನ್ನಾಗಿ ಅರ್ಥವಾದದ್ದು ತುಮಕೂರಿಗೆ ಬಂದ ಮೇಲೆ, 2018ರಲ್ಲಿ. ಒಂಬತ್ತನೆಯ ತರಗತಿಯ ಹುಡುಗಿ. ಪ್ರತಿ ಪಿರಿಯಡ್ಡಿಗೂ ತಡವಾಗಿ ಬರುತ್ತಿದ್ದಳು. ನೋಡಿದರೆ ನಲ್ಲಿಯ ಮುಂದೆ ನಿಂತು ಕೈ ತೊಳೆಯುತ್ತಿದ್ದಾಳೆ. ತೊಳೆದು ತೊಳೆದು ಅಂಗೈ ಬಿರಿದು ಹೋಗಿತ್ತು. ತಾಯಿ ಬೆಂಗಳೂರಿನಲ್ಲಿ ಕೆಲಸ. ಬೆಳಗಿನ ರೈಲಿಗೆ ಹೋದರೆ ಬರುವುದು ರಾತ್ರಿ. ಮನೆಯಲ್ಲಿ ಅಜ್ಜಿಯ ದರ್ಬಾರು. ಒಂದು ಶನಿವಾರ ರಜೆ ಹಾಕಿ ಆ ತಾಯಿ ಬಂದರು. “ನಮ್ಮತ್ತೆ ಖುಷಿಯಾಗಿದ್ದಾರೆ ಮೇಡಂ. ಮೊಮ್ಮಗಳಿಗೆ ಎಷ್ಟು ಮಡಿ ಅಂತ ಬಂದವರಿಗೆಲ್ಲ ಹೇಳ್ತಾರೆ. ನಾನು ಬಾಯಿಬಿಟ್ಟರೆ, ನೀನು ಮನೇಲಿದ್ದು ನೋಡ್ಕೊಂಡಿದ್ರೆ ತಾನೆ ಅಂತಾರೆ. ದೊಡ್ಡವಳಿಗೆ ಬೇರೆ ಗಂಡು ನೋಡ್ತಿದ್ದೀವಿ. ಮನೇಲಿ ಇಂಥದು ಇದೆ ಅಂತ ಗೊತ್ತಾದ್ರೆ ಸಂಬಂಧ ಕೂಡಿಬರುತ್ತಾ?”

ಈ ಸಲ ನಾನು ಹೊಗಳಲಿಲ್ಲ, ಬೈಯಲೂ ಇಲ್ಲ. ಕೂರಿಸಿ ನೀರು ಕೊಟ್ಟು, “ಮೊದಲು ಒಂದು ಮಾತು ಕೇಳಿ. ಇದು ನೀವು ಕೆಲಸಕ್ಕೆ ಹೋಗಿದ್ದರಿಂದ ಬಂದದ್ದಲ್ಲ. ನಿಮ್ಮ ತಪ್ಪಿಲ್ಲ” ಎಂದೆ. ಆಕೆ ಬಿಕ್ಕಿ ಬಿಕ್ಕಿ ಅತ್ತರು. ಅತ್ತು ಮುಗಿದ ಮೇಲೆ, ಎಂದಿನಿಂದ ಹೀಗಿದೆ, ರಾತ್ರಿ ಏನು ಮಾಡುತ್ತಾಳೆ, ಏನಕ್ಕೆ ಹೆದರುತ್ತಾಳೆ ಎಲ್ಲವನ್ನೂ ದಿನ ವಾರ ಸಮೇತ ಹೇಳಿದರು. ನಾನು ಬೆರಗಾದೆ. ಯಾವ ವೈದ್ಯನಿಗೂ ಬೇಕಾಗುವಷ್ಟು ವಿವರ ಆಕೆಯ ಹತ್ತಿರ ಎರಡು ವರ್ಷದಿಂದ ಇತ್ತು. ಕೇಳಿದವರಿರಲಿಲ್ಲ.

ಬಿರಿದ ಅಂಗೈ ತೋರಿಸಲು ಚರ್ಮದ ಡಾಕ್ಟರ ಹತ್ತಿರ ಹೋದರು. ಅವರು ನೋಡಿದವರೇ ಅದೇ ಆಸ್ಪತ್ರೆಯ ಮನೋವೈದ್ಯರ ಹತ್ತಿರ ಕಳಿಸಿದರು. ಗೀಳಿನ ಕಾಯಿಲೆ. ಮಾತಿನ ಚಿಕಿತ್ಸೆ, ಸ್ವಲ್ಪ ಮಾತ್ರೆ. ವರ್ಷ ಕಳೆಯುವುದರೊಳಗೆ ಹುಡುಗಿ ಪಿರಿಯಡ್ಡಿಗೆ ಸರಿಯಾಗಿ ಬರತೊಡಗಿದಳು. ಅಜ್ಜಿಯ ಮಟ್ಟಿಗೆ ಅದು ಕೊನೆಯ ತನಕ ಚರ್ಮದ ಕಾಯಿಲೆಯೇ. ಅಕ್ಕನ ಮದುವೆಯೂ ಆಯಿತು. ಚಿಕಿತ್ಸೆಯ ವಿಷಯ ಗುಟ್ಟಾಗಿಡುವ ಹಕ್ಕನ್ನು 2017ರ ಕಾಯ್ದೆಯೇ ಕೊಟ್ಟಿದೆ. ಆ ತಾಯಿ ಮಾಡಿದ್ದು ತಪ್ಪೆಂದು ನಾನು ಹೇಳಲಾರೆ. ಆದರೂ ಒಂದು ಕೊರಗು ಉಳಿದಿದೆ. ಅದೇ ಬೀದಿಯ ಇನ್ನೊಬ್ಬ ತಾಯಿಗೆ ಈ ಕತೆ ಗೊತ್ತಾಗಲಿಲ್ಲ. ನಾಳೆ ಆಕೆ ತನ್ನ ಮಗಳ ಮುಂದೆ ಒಬ್ಬಳೇ ಕೂರಬೇಕು. ಅಜ್ಜಿಯರ ಜಗಲಿಯಲ್ಲಿದ್ದ ಆ ಒಂದು ಅನುಕೂಲವನ್ನು ನಾವು ಓದಿದವರು ಕಳೆದುಕೊಂಡೆವು.

ಈಗ ದಾರಿಗಳೇನೋ ಹತ್ತಿರವಾಗಿವೆ. 2013ರಲ್ಲಿ ಬಂದ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಆರೋಗ್ಯ ತಂಡ ಅಂಗನವಾಡಿಗೂ ಶಾಲೆಗೂ ಬಂದು ಮಕ್ಕಳ ಬೆಳವಣಿಗೆ ನೋಡುತ್ತದೆ. ಕಲಿಕಾ ನ್ಯೂನತೆಯ ಪ್ರಮಾಣಪತ್ರವಿದ್ದರೆ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಹೆಚ್ಚಿನ ಸಮಯ ಸಿಗುತ್ತದೆ. 2022ರ ಅಕ್ಟೋಬರ್‌ನಿಂದ 14416 ಎಂಬ ಸಂಖ್ಯೆಗೆ ಫೋನ್ ಮಾಡಿದರೆ ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ. ಹೆಸರು ಹೇಳಲು ಅಳುಕುವವರಿಗೆ ಇದು ಒಳ್ಳೆಯ ಮೊದಲ ಮೆಟ್ಟಿಲು. ಆ ಸಂಖ್ಯೆಯನ್ನು ಶಾಲೆಯ ಫಲಕದ ಮೇಲೆ ಬರೆಸಿದ್ದೇನೆ. ತಾಯಂದಿರ ಸಭೆಯಲ್ಲಿ ಹೇಳುತ್ತೇನೆ. ಬರೆದುಕೊಳ್ಳುವವರು ಕಡಿಮೆ. ಸಭೆ ಮುಗಿದ ಮೇಲೆ ಒಬ್ಬರೋ ಇಬ್ಬರೋ ಸುಮ್ಮನೆ ಫಲಕದ ಹತ್ತಿರ ನಿಲ್ಲುತ್ತಾರೆ. ನಾನು ಆ ಕಡೆ ನೋಡದವಳಂತೆ ಇರುತ್ತೇನೆ.

ವರ್ಗಾವಣೆ ಪತ್ರ ಈಗಲೂ ಬರೆಯುತ್ತೇನೆ. ‘ನಡತೆ’ ಕಲಂನಲ್ಲಿ ಈಗಲೂ ‘ಉತ್ತಮ’ ಎಂದೇ ಬರೆಯುವುದು. ಒಂದು ಮಗುವಿನ ಭವಿಷ್ಯದ ಕಾಗದದಲ್ಲಿ ಬೇರೆ ಬರೆಯಲು ಕೈ ಬರುವುದಿಲ್ಲ. ಆದರೆ ಒಯ್ಯಲು ಬಂದ ತಾಯಿಯನ್ನು ಬಾಗಿಲಲ್ಲಿ ನಿಲ್ಲಿಸುವುದಿಲ್ಲ. ಒಳಗೆ ಕರೆದು ಕುರ್ಚಿ ತೋರಿಸಿ, ಗುಬ್ಬಿಯ ಆ ತಾಯಿ ನನ್ನನ್ನು ಕೇಳಿದ್ದನ್ನೇ ಅವರನ್ನು ಕೇಳುತ್ತೇನೆ:

“ಮನೇಲಿ ಮಾತಾಡ್ತಾಳಾ ಅಮ್ಮ?”